ಹದಿನಾಲ್ಕನೇ ವಾರ್ಡಿನ ಪಟ್ಟಿ

ನನ್ನ ನಾದಿನಿಗೆ ನಮ್ಮ ಆಸ್ಪತ್ರೆಯಲ್ಲಿ ಗಂಟುಮೋರೆ ಎಂದೇ ಹೆಸರು. ಇಟ್ಟವಳು ನಾನೇ, ಸುಳ್ಳು ಯಾಕೆ ಹೇಳಲಿ. ಗಂಡನ ತಂಗಿ ಅನ್ನುವ ಸಲಿಗೆಯಿಂದ ಇಟ್ಟದ್ದು ಎಲ್ಲರ ಬಾಯಿಗೂ ಬಿತ್ತು. ಅವಳು ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಂ ಬರೆಯುತ್ತಾಳೆ, ನಾನು ಹದಿನಾಲ್ಕನೇ ವಾರ್ಡಿನ ಮುಖ್ಯ ನರ್ಸ್. ಒಂದೇ ಮನೆಯಲ್ಲಿರುತ್ತೇವೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವಳಿಗೆ ಕೋಪ ಬಂದದ್ದನ್ನು ಕಂಡವರಿಲ್ಲ.

ಅವಳ ಪ್ರೋಗ್ರಾಂ ಮಾಡುವುದು ಇಷ್ಟೇ. ಬೆಳಿಗ್ಗೆ ಏಳೂ ಇಪ್ಪತ್ತರೊಳಗೆ ನಾವು ನರ್ಸುಗಳು ರೋಗಿಗಳ ಔಷಧಿ ವಿವರ ತುಂಬುತ್ತೇವೆ. ಅದು ಒಂದನೇ ವಾರ್ಡಿನಿಂದ ಹದಿನಾಲ್ಕರವರೆಗೆ ಎಲ್ಲವನ್ನೂ ಜೋಡಿಸಿ ಒಂದು ಉದ್ದನೆಯ ಪಟ್ಟಿ ಮಾಡಿ ಮುದ್ರಣಕ್ಕೆ ಕಳಿಸುತ್ತದೆ. ಮೊದಲು ಒಂದೇ ವಾರ್ಡಿಗೆ ಇತ್ತು, ಆಗ ಚಕಚಕ ಬರುತ್ತಿತ್ತು. ಅವಳು ಬರೆದದ್ದನ್ನು ಕಂಪೈಲರ್ ಯಂತ್ರದ ಭಾಷೆಗೇ ತಿರುಗಿಸಿಬಿಡುತ್ತದಂತೆ, ಅದಕ್ಕಿಂತ ವೇಗ ಬೇರೆ ಇಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಹದಿನಾಲ್ಕೂ ವಾರ್ಡು ಸೇರಿಸಿದ ಮೇಲೆ ನಲವತ್ತು ನಿಮಿಷ ಹಿಡಿಯತೊಡಗಿತು. ಎಂಟು ಗಂಟೆಯ ಔಷಧಿ ಎಂಟೂಕಾಲಾದರೂ ಯಾರಿಗೂ ಸಿಗುತ್ತಿರಲಿಲ್ಲ.

ಮೇಲ್ವಿಚಾರಕರು ದಿನಾ ಎಂಟಕ್ಕೆ ಐದು ನಿಮಿಷ ಇರುವಾಗ ಆ ಕೋಣೆಗೆ ಇಣುಕುತ್ತಿದ್ದರು. ಪರದೆಯ ಮೇಲೆ ಆಗ 'ವಾರ್ಡು ೧೪' ಎಂದು ಕಾಣುತ್ತಿತ್ತು, ಅಲ್ಲಾಡುತ್ತಲೇ ಇರಲಿಲ್ಲ. ಒಂದನೇ ವಾರ್ಡು ಹನ್ನೆರಡು ಸೆಕೆಂಡಿಗೆ ಮುಗಿದರೆ ನನ್ನದಕ್ಕೆ ಐದೂವರೆ ನಿಮಿಷ. ಇನ್ನೇನು ಬೇಕು? ಕಾರಣ ಕೇಳಿದಾಗ ನನ್ನ ನಾದಿನಿಯೇ ಕಾಗದದ ಮೇಲೆ ಬರೆದುಕೊಟ್ಟಳು: 'ಹದಿನಾಲ್ಕನೇ ವಾರ್ಡಿನ ನಮೂದುಗಳಲ್ಲಿ ದೋಷವಿದ್ದಂತಿದೆ.' ಮನೆಯವಳೇ ನನ್ನ ತಲೆಯ ಮೇಲೆ ಗೂಬೆ ಕೂರಿಸಿದಳು. ನನಗೆ ಎರಡು ಎಚ್ಚರಿಕೆ ಪತ್ರ ಬಂದವು. ಮೂರನೆಯದು ಬಂದರೆ ಉಗ್ರಾಣಕ್ಕೆ ವರ್ಗ. ಹತ್ತೊಂಬತ್ತು ವರ್ಷ ರೋಗಿಗಳ ನಡುವೆ ಓಡಾಡಿದವಳು ಹತ್ತಿಯ ಉಂಡೆ ಎಣಿಸಿಕೊಂಡು ಕೂರಬೇಕಿತ್ತು.

ದುಃಖ ಏನೆಂದರೆ, ನನಗೇ ಹೌದೇನೋ ಅನ್ನಿಸತೊಡಗಿತ್ತು. ಆರಕ್ಕೇ ಬಂದು ಒಂದೊಂದು ನಮೂದನ್ನೂ ಮೂರು ಮೂರು ಸಲ ನೋಡುತ್ತಿದ್ದೆ. ಉಳಿದ ಹದಿಮೂರು ವಾರ್ಡಿನವರು ನನ್ನನ್ನು ಕಂಡರೆ ಗಡಿಯಾರ ನೋಡುತ್ತಿದ್ದರು.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ನೇರ ಅವಳ ಕೋಣೆಗೆ ನುಗ್ಗಿದೆ.

"ಏನೇ, ನನ್ನ ವಾರ್ಡ್ ಅಷ್ಟು ದರಿದ್ರವಾ? ಹಾಗಿದ್ರೆ ಮೊದಲು ಅದನ್ನೇ ಹಾಕು! ಉಳಿದವರದ್ದಾದ್ರೂ ಬೇಗ ಆಗುತ್ತಾ ನೋಡೋಣ."

ಅವಳು ವಾದ ಮಾಡಲಿಲ್ಲ. ಹದಿನಾಲ್ಕರಿಂದ ಹಿಂದೆ ಹಿಂದೆ ಒಂದಕ್ಕೆ ಬರುವಂತೆ ಎರಡು ಸಾಲು ಬದಲಿಸಿ, ಕಂಪೈಲ್ ಮಾಡಿ, ಬೆಳಗಿನ ವಿವರವನ್ನೇ ಮತ್ತೆ ಓಡಿಸಿದಳು. ನನ್ನ ವಾರ್ಡು ಹನ್ನೆರಡು ಸೆಕೆಂಡಿಗೆ ಮುಗಿಯಿತು. ನಾವಿಬ್ಬರೂ ಪರದೆಗೇ ಕಣ್ಣು ನೆಟ್ಟು ಕೂತೆವು. ಮುಂದೆ ಮುಂದೆ ಹೋದಂತೆ ಪ್ರತಿ ವಾರ್ಡೂ ಹಿಂದಿನದಕ್ಕಿಂತ ನಿಧಾನ. ಕೊನೆಗೆ ಬಿದ್ದ ಒಂದನೇ ವಾರ್ಡು ಐದೂವರೆ ನಿಮಿಷ ತೆಗೆದುಕೊಂಡಿತು.

ನಾದಿನಿ ತಾನು ಬರೆದ ಪ್ರೋಗ್ರಾಂ ತೆರೆದು ಸಾಲು ಸಾಲಾಗಿ ಓದಿದಳು.

"ಅತ್ತಿಗೆ, ತಪ್ಪು ನಂದು," ಎಂದಳು. "ಒಂದು ಅಕ್ಷರ ಸೇರಿಸು ಅಂದ್ರೆ ಇದು ಕೊನೇಲಿ ಅಂಟಿಸ್ತಾ ಇಲ್ಲ. ಅಲ್ಲೀವರೆಗೆ ಬರೆದಿದ್ದನ್ನೆಲ್ಲ ಹೊಸ ಜಾಗಕ್ಕೆ ನಕಲು ಮಾಡಿ, ಆಮೇಲೆ ಆ ಒಂದು ಅಕ್ಷರ ಹಾಕುತ್ತೆ. ಪಟ್ಟಿ ಉದ್ದ ಆದಷ್ಟೂ ನಕಲು ಜಾಸ್ತಿ."

"ಪ್ರತಿ ಅಕ್ಷರಕ್ಕೂನಾ?"

"ಪ್ರತಿ ಅಕ್ಷರಕ್ಕೂ. ಸಾಲು ನೇರ ನಿಲ್ಲಲಿ ಅಂತ ಹಾಕಿದ ಖಾಲಿ ಜಾಗಕ್ಕೂ."

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಒಂದು ಸಾಲು ಬರೆಯೋಕೆ ಪುಸ್ತಕವನ್ನೆಲ್ಲ ಮತ್ತೆ ಬರೆಯೋರುಂಟೇನೇ?"

ತಿದ್ದಲು ಅವಳಿಗೆ ಒಂದು ಗಂಟೆಯೂ ಬೇಕಾಗಲಿಲ್ಲ. ಮೊದಲು ಒಟ್ಟು ಎಷ್ಟು ಅಕ್ಷರ ಎಂದು ಎಣಿಸುವುದು, ಅಷ್ಟು ಜಾಗವನ್ನು ಒಂದೇ ಸಲ ಹಿಡಿದಿಡುವುದು, ಆಮೇಲೆ ಸುಮ್ಮನೆ ಒಂದರ ಪಕ್ಕ ಒಂದು ಬರೆಯುತ್ತ ಹೋಗುವುದು. ಮರುದಿನ ಏಳೂ ಇಪ್ಪತ್ತಕ್ಕೆ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನಾಲ್ಕೂ ವಾರ್ಡು ಮುಗಿದಿದ್ದವು.

ಆದರೆ ನನ್ನ ಹಣೆಬರಹ ನೋಡಿ. ಸೋಮವಾರದ ಸಭೆಯಲ್ಲಿ ಎಲ್ಲ ವಾರ್ಡಿನ ಮುಖ್ಯಸ್ಥರ ಎದುರು ಮೇಲ್ವಿಚಾರಕರು ನಗುತ್ತ ಹೇಳಿದರು: "ಎರಡು ಪತ್ರ ಕೊಟ್ಟ ಮೇಲೆ ಹದಿನಾಲ್ಕನೇ ವಾರ್ಡಿಗೆ ಬಿಸಿ ಮುಟ್ತು ನೋಡಿ. ಎಷ್ಟು ಬೇಗ ಬರ್ತಿದೆ ಪಟ್ಟಿ!" ಎಲ್ಲರೂ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದರೆ ನಾದಿನಿಯ ಹೆಸರು ಬರುತ್ತದೆ ಎಂದು ಹಲ್ಲು ಕಚ್ಚಿ ಕೂತೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಸಭೆಗಳಲ್ಲಿ ಒಂದು ದಿನವೂ ಮಾತಾಡದ ಗಂಟುಮೋರೆ ಎದ್ದು ನಿಂತಿದ್ದಳು.

"ಹದಿನಾಲ್ಕನೇ ವಾರ್ಡ್ ಯಾವತ್ತೂ ತಡ ಮಾಡಿಲ್ಲ ಸರ್. ನನ್ನ ಪ್ರೋಗ್ರಾಂ ತಪ್ಪಿತ್ತು. ಯಾವ ವಾರ್ಡ್ ಕೊನೇಲಿದ್ರೂ ಹಾಗೇ ಆಗ್ತಿತ್ತು."

"ಅವರ ನಮೂದೇ ಸರಿ ಇಲ್ಲ ಅಂತ ಬರೆದುಕೊಟ್ಟಿದ್ರಲ್ಲ?"

"ಪರೀಕ್ಷೆ ಮಾಡದೆ ಬರೆದೆ. ಅದೂ ನನ್ನ ತಪ್ಪು."

ನನ್ನ ಎರಡೂ ಪತ್ರ ಹಿಂದಕ್ಕೆ ಪಡೆದರು. ಸಂಜೆಯೊಳಗೆ ಅವಳ ಹೆಸರಿಗೆ ಒಂದು ಎಚ್ಚರಿಕೆ ಪತ್ರ ಬಂತು. ಅವಳು ಅದನ್ನು ಮಡಚಿ ಕೈಚೀಲಕ್ಕೆ ಹಾಕಿಕೊಳ್ಳುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಸಂಕಟಕ್ಕೆ ಬೈಗುಳವೇ ಬಂತು.

"ನನ್ನ ಹತ್ರ ನೀನು ಹೇಳಿದ್ದೆ, ಅಷ್ಟೇ ಸಾಕಿತ್ತಲ್ಲೇ! ಅಷ್ಟು ಜನರ ಮುಂದೆ ಯಾಕೆ ಮಾನ ಕಳ್ಕೊಂಡೆ?"

"ನಿಮ್ಮದು ಹೋಗಿದ್ದೂ ಅವರ ಮುಂದೇನೇ ಅಲ್ವಾ ಅತ್ತಿಗೆ."

ನನಗೆ ಅಳು ಒತ್ತರಿಸಿ ಬಂತು. ಅವಳ ಕುರ್ಚಿಯಲ್ಲೇ ಕುಸಿದು ಕೂತು, ಯಾರು ನೋಡುತ್ತಾರೆ ಅನ್ನುವ ಪರಿವೆಯೂ ಇಲ್ಲದೆ ಅತ್ತುಬಿಟ್ಟೆ.