ಹಳೆಯ ಗಡಿಗೆಯ ಪ್ರಶ್ನೆ

ನಾನು ಅವತ್ತು ಮಾಡಬೇಕಾಗಿದ್ದ ಕೆಲಸ ಬಾಯಿ ತೆರೆಯುವುದು, ಅಷ್ಟೇ. ಅದನ್ನು ಮಾಡಲಿಲ್ಲ. ನಮ್ಮ ಮಸ್ಕಿಯ ಓಣಿಯಲ್ಲಿ ಈ ಮಾತು ಹೇಳಿದರೆ ನಂಬುವವರು ಸಿಗಲಾರರು. ಬಾವಿಗೆ ಹೋದರೆ ಕೊಡ ತುಂಬಿದ ಮೇಲೂ ನನ್ನ ಮಾತು ಮುಗಿಯುವುದಿಲ್ಲ ಎಂದು ಗೆಳತಿಯರು ಆಡಿಕೊಳ್ಳುತ್ತಾರೆ. ಬೀಸುವ ಕಲ್ಲಿನ ಸದ್ದಿಗಿಂತ ನನ್ನ ಸದ್ದೇ ಹೆಚ್ಚೆಂದು ಯಜಮಾನರ ದೂರು. ಅಂಥ ನಾನು, ಒಡಹುಟ್ಟಿದ ತಮ್ಮ ಒಂದೇ ಒಂದು ಉತ್ತರಕ್ಕಾಗಿ ನನ್ನ ಮುಖ ನೋಡುತ್ತ ನಿಂತಾಗ, ಸೆರಗು ಮುಂದಕ್ಕೆ ಎಳೆದುಕೊಂಡು ಸುಮ್ಮನೆ ಕುಳಿತುಬಿಟ್ಟೆ.

ತಮ್ಮ ಶರಣಪ್ಪ ಕಲಬುರಗಿಯಲ್ಲಿ ಕಾಲೇಜು ಮಾಸ್ತರ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಧಾನವಾಗುತ್ತದೆ. ‘ಕಾಲೇಜು’ ಎಂಬುದನ್ನು ಉಳಿದ ಅಕ್ಷರಗಳಿಗಿಂತ ತುಸು ದುಂಡಗೆ ಬರೆಯಬೇಕೆನಿಸುತ್ತದೆ. ಲಿಂಗಸುಗೂರಿನ ನಮ್ಮ ತವರು ಓಣಿಯಲ್ಲಿ ಅಷ್ಟು ಓದಿದವರು ಇನ್ನೊಬ್ಬರಿಲ್ಲ. ವಿಜ್ಞಾನ ಕಲಿಸುತ್ತಾನೆ, ಅದೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಹುಡುಗ ನಿಜಾಮ ಸರಕಾರದ ಕಾಲೇಜಿನಲ್ಲಿ ನಿಂತು ಗಾಳಿ, ನೀರು, ಬೆಂಕಿಗಳ ಸಂಗತಿಯನ್ನೆಲ್ಲ ಉರ್ದುವಿನಲ್ಲಿ ಬಿಡಿಸಿ ಹೇಳುತ್ತಾನೆಂದರೆ ಹೆಮ್ಮೆಯಲ್ಲವೇ? ಅವ್ವನಂತೂ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಹೇಗೋ ಮಾಡಿ ಈ ಸುದ್ದಿ ತರುತ್ತಿದ್ದಳು.

ಇಂಥ ಶರಣಪ್ಪ ಒಂದು ಬೇಸಿಗೆಯಲ್ಲಿ, ನಾವೂ ತವರಿಗೆ ಹೋಗಿದ್ದಾಗ, ಊರಿಗೆ ಬಂದು, “ಹೈದರಾಬಾದಿನ ತರಬೇತಿಗೆ ನನ್ನ ಆರಿಸ್ಯಾರ,” ಎಂದ. ಮುಖ ಅರಳಿತ್ತು. ಅವ್ವನ ಮುಖ ಬಾಡಿತು.

“ಯಾಕಪ್ಪಾ, ನಿನಗ ಬರಂಗಿಲ್ಲಂತ ಅವರಿಗೆ ಗೊತ್ತಾತೇನು?”

“ಇಲ್ಲ ಬೇ ಯವ್ವಾ. ಕಲಸಾವ್ರೂ ಕಲೀಬೇಕು. ಚಲೋ ಕಲಸಾಕ ಬರೂವಂಗ ಇನ್ನಷ್ಟು ಹೇಳಿಕೊಡ್ತಾರ.”

“ಅಂದ್ರ ಇಷ್ಟು ದಿನ ಚಲೋ ಕಲಸ್ತಿರಲಿಲ್ಲೇನು?”

ಪಾಪ, ಅವ್ವನದೇನು ತಪ್ಪು? ನಮ್ಮ ಕಡೆ ಕಲಿಯುವುದೆಂದರೆ ಮೀಸೆ ಮೂಡುವ ಮೊದಲು ಮುಗಿಸಿಬಿಡುವ ಕೆಲಸ. ಹೋರಿಯನ್ನು ಹಳೆಯ ಎತ್ತಿನ ಜೋಡಿ ಹೂಡಿ ಪಳಗಿಸುತ್ತಾರೆ; ಹಳೆಯ ಎತ್ತನ್ನು ಪಳಗಿಸಲು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಸಾಲಿಯ ಐನೋರು ತಮ್ಮ ಗುರುಗಳಿಂದ ಕಲಿತ ಮಗ್ಗಿಯನ್ನು ಅದೇ ರಾಗದಲ್ಲಿ, ಅದೇ ಕೆಮ್ಮಿನ ಜೊತೆಗೆ ನಮಗೂ ಹೇಳಿಕೊಟ್ಟರು. ಆ ಕೆಮ್ಮೂ ಗುರುಗಳದ್ದೇ ಎಂದು ಹಿರಿಯರು ಹೇಳುತ್ತಿದ್ದರು. ಯೋಚಿಸಿ ನೋಡಿದರೆ ಅಡುಗೆಯ ವಿಷಯದಲ್ಲಿ ನಾನೂ ಹಾಗೇ. ರೊಟ್ಟಿ ಬಡಿಯಲು ಕಲಿತದ್ದು ಅವ್ವನಿಂದ. ಆ ಮೇಲೆ ಯಾರಾದರೂ, “ರೊಟ್ಟಿ ಬಡಿಯೂದು ಇನ್ನಷ್ಟು ಕಲಿ ಬಾ,” ಎಂದಿದ್ದರೆ ಹಿಟ್ಟಿನ ಕೈಯಿಂದಲೇ ಜಗಳಕ್ಕೆ ನಿಲ್ಲುತ್ತಿದ್ದೆ. ತಮ್ಮ ಮಾತ್ರ ಹೊಸ ಅಂಗಿ ಸಿಕ್ಕ ಹುಡುಗನ ಹಾಗೆ ಹಿಗ್ಗಿ ಹೋದ. ಗೊತ್ತಿದ್ದವನು ತನಗೆ ಇನ್ನೂ ಗೊತ್ತಾಗಬೇಕಾದದ್ದಿದೆ ಎಂದು ಹಿಗ್ಗುವುದನ್ನು ನಾನು ಕಂಡದ್ದು ಅದೇ ಮೊದಲು.

ನನ್ನ ಯಜಮಾನರು ತಮಾಷೆಯ ಮನುಷ್ಯ. “ಶರಣಪ್ಪಾ, ನಿಮ್ಮ ಅಕ್ಕನ ಬಾಯಿ ಮುಚ್ಚಸೂ ತರಬೇತಿ ಏನಾರ ಇದ್ರ ಅದನ್ನೂ ಕಲತು ಬಾ ಮಾರಾಯಾ,” ಎಂದು ಕಳಿಸಿದರು.

ಹೈದರಾಬಾದಿನ ಆ ತರಬೇತಿಯ ರೀತಿ ವಿಚಿತ್ರವಾಗಿತ್ತು. ಪಾಠಗಳೆಲ್ಲ ಮುಗಿದ ಮೇಲೆ ಪ್ರತಿಯೊಬ್ಬ ಮಾಸ್ತರನೂ ತನ್ನ ಸೀಮೆಗೆ ಹೋಗಿ, ಕಾಲೇಜಿನ ಮೆಟ್ಟಿಲು ತುಳಿಯದ ಜನರನ್ನು ಕೂರಿಸಿಕೊಂಡು, ಅವರ ಮಾತಿನಲ್ಲೇ ಒಂದು ಪಾಠ ಮಾಡಬೇಕು. ಹೈದರಾಬಾದಿನಿಂದ ಒಬ್ಬ ಸಾಹೇಬರು ಬಂದು ನೋಡುತ್ತಾರೆ. ಕಾಲೇಜು ಹುಡುಗರು ತಿಳಿಯದಿದ್ದರೂ ತಲೆಯಾಡಿಸುತ್ತಾರೆ, ತಲೆಯಾಡಿಸುವ ಹಂಗಿಲ್ಲದವರಿಗೆ ಕಲಿಸಿ ತೋರಿಸಿ ಎಂಬುದು ಅವರ ಲೆಕ್ಕ. ಇನ್ನೂ ಒಂದು ಕಟ್ಟಳೆ: ಮಾಸ್ತರ ತಾನೇ ಎಲ್ಲ ಹೇಳಿಬಿಡಬಾರದು. ಪ್ರಶ್ನೆ ಕೇಳಬೇಕು, ಉತ್ತರ ಎದುರಿಗೆ ಕುಳಿತವರ ಬಾಯಿಂದ ಬರಬೇಕು. ಇದರಲ್ಲಿ ಗೆದ್ದವರು ಮುಂದೆ ಬೇರೆ ಮಾಸ್ತರರಿಗೆ ಕಲಿಸುವವರಾಗುತ್ತಾರೆ. ತಮ್ಮನ ಮನಸ್ಸೆಲ್ಲ ಅದರ ಮೇಲೇ ಇತ್ತು.

ತವರಿನ ಮನೆ ಇಕ್ಕಟ್ಟು. ಮಸ್ಕಿಯ ನಮ್ಮ ಪಡಸಾಲೆ ದೊಡ್ಡದು. ಹಾಗಾಗಿ ಪಾಠ ನಮ್ಮಲ್ಲೇ ಎಂದಾಯಿತು. ಅದಕ್ಕೂ ಮೊದಲು ತಮ್ಮ ಕೆಲವು ದಿನ ನಮ್ಮಲ್ಲೇ ಉಳಿದು, ನಾನು ಒಲೆಯ ಮುಂದೆ ಕುಳಿತಾಗ ಎದುರಿಗೆ ನಿಂತು ಪಾಠವನ್ನು ಹೇಳಿ ಹೇಳಿ ಹದ ಮಾಡಿಕೊಂಡ. ವಿಷಯ: ಮಣ್ಣಿನ ಗಡಿಗೆಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ.

“ಗಡಿಗಿ ಮೈತುಂಬ ಕಣ್ಣಿಗೆ ಕಾಣದ ತೂತು ಇರ್ತಾವಕ್ಕಾ. ಅದರಾಗಿಂದ ನೀರು ಜಿನುಗಿ ಹೊರಗ ಬರ್ತದ, ಗಾಳಿಗೆ ಆರ್ತದ. ಆರೂ ಮುಂದ ಒಳಗಿನ ಬಿಸಿ ಕರಕೊಂಡು ಹೋಗ್ತದ.”

“ಅಂದ್ರ ಗಡಿಗಿ ಬೆವರತದ ಅನ್ನು,” ಎಂದೆ ನಾನು.

ಅವನು ಕುಣಿದಾಡಿಬಿಟ್ಟ. “ಇದಽ ನೋಡಕ್ಕಾ! ನಾ ಇದನ್ನ ಅಷ್ಟುದ್ದ ಹೇಳಾಕತ್ತಿದ್ದೆ!”

ಆಗ ನನಗೂ ಹುರುಪು ಬಂದು ಕೇಳಿದೆ: “ಹಂಗಿದ್ರ ಹಳೇ ಗಡಿಗ್ಯಾಗ ನೀರು ಯಾಕ ಅಷ್ಟು ತಣ್ಣಗ ಆಗಂಗಿಲ್ಲ?” ಅವನು ತುಸು ಯೋಚಿಸಿ, ನಮ್ಮ ಬಾವಿಯ ಸವುಳು ನೀರಿನ ಉಪ್ಪು ತುಂಬಿ ಆ ತೂತುಗಳೆಲ್ಲ ಮುಚ್ಚಿಹೋಗುತ್ತವೆ ಎಂದು ವಿವರಿಸಿದ. ಆಮೇಲೆ, “ಇದನ್ನಽ ಪಾಠದ ಕಡೀ ಪ್ರಶ್ನೆ ಮಾಡ್ತೀನಿ. ಯಾರೂ ಹೇಳಲಿಲ್ಲಂದ್ರ ನೀ ಹೇಳು. ಬಾಗಿಲ ಹತ್ರಽ ಕುಂದ್ರು,” ಎಂದ.

ಆ ದಿನ ಬಂತು. ಬಿಸಿಲು ಹೇಗಿತ್ತೆಂದರೆ ಪಾಠಕ್ಕೆ ಬಂದವರಲ್ಲಿ ಅರ್ಧ ಜನ ಗಡಿಗೆಯ ನೀರು ಕುಡಿಯಲೇ ಬಂದಿದ್ದರು. ಸಾಹೇಬರು ಕುರ್ಚಿಯಲ್ಲಿ, ಗಂಡಸರು ಕಂಬಳಿಯ ಮೇಲೆ, ನಾವು ಹೆಂಗಸರು ಒಳಬಾಗಿಲ ಬಳಿ. ಹೊಸ ಗಡಿಗೆ, ಹಳೆಯ ಗಡಿಗೆ ಎರಡನ್ನೂ ಮುಂದಿಟ್ಟುಕೊಂಡು ತಮ್ಮ ಶುರು ಮಾಡಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಅಡುಗೆಮನೆಯಲ್ಲಿ ಅಷ್ಟು ಸಲ ಕೇಳಿದ ನನಗೇ ಹೊಸದೆನಿಸಿತು. ಆದರೆ ಒಂದು ತೊಡಕಿತ್ತು. ನಮ್ಮ ಜನಕ್ಕೆ ಮಾಸ್ತರರು ನಿಜವಾಗಿ ಉತ್ತರ ಬೇಡುತ್ತಾರೆಂಬುದೇ ಗೊತ್ತಿರಲಿಲ್ಲ. ಐನೋರ ಸಾಲಿಯಲ್ಲಿ ಏನು ಕೇಳಿದರೂ ಎಲ್ಲರೂ ಕೂಡಿ ಹೂಂಗುಟ್ಟುವುದೇ ಮರ್ಯಾದೆ. ತಮ್ಮ, “ನೀರು ಯಾಕ ತಣ್ಣಗ ಆಗ್ತದ?” ಎಂದು ಕೇಳಿದರೆ ಕಂಬಳಿಯ ಮೇಲಿನವರೆಲ್ಲ ಒಂದೇ ದನಿಯಲ್ಲಿ, “ಹೌದ್ರೀ!” ಎಂದರು. ಸಾಹೇಬರು ಮೀಸೆಯಲ್ಲೇ ನಕ್ಕರು.

ಹೀಗೇ ಸಾಗಿ ಕೊನೆಯ ಪ್ರಶ್ನೆ ಬಂತು. “ಹಳೇ ಗಡಿಗ್ಯಾಗ ನೀರು ಯಾಕ ತಣ್ಣಗ ಆಗಂಗಿಲ್ಲ?” ಈ ಸಲ ಹೌದ್ರೀ ಎನ್ನಲೂ ಯಾರಿಗೂ ಧೈರ್ಯ ಬರಲಿಲ್ಲ. ತಮ್ಮ ಮೆಲ್ಲಗೆ ನನ್ನ ಕಡೆ ನೋಡಿದ. ಉತ್ತರ ನಾಲಿಗೆಯ ತುದಿಯಲ್ಲಿತ್ತು.

ಪರಗಂಡಸರ ಮುಂದೆ ಹೇಗೆ ಮಾತಾಡಲಿ ಎಂದು ಸುಮ್ಮನಾದೆ, ಎಂದು ಬರೆದರೆ ನೀವು ಒಪ್ಪಿಬಿಡುತ್ತೀರಿ. ಅತ್ತೆಯವರೂ ಹಾಗೇ ತಿಳಿದು, ಆ ಮೇಲೆ, “ನಮ್ಮ ಸೊಸಿಗೆ ರೀತಿ ರಿವಾಜು ಗೊತ್ತದ,” ಎಂದು ನೆರೆಯವರ ಮುಂದೆ ಹೊಗಳಿದರು. ನನ್ನ ಬಾಳಿನಲ್ಲಿ ಅವರು ಹೊಗಳಿದ್ದೇ ಅಪರೂಪ. ಅದೂ ಸಲ್ಲದ ಕೆಲಸಕ್ಕೆ! ನಿಜ ಹೇಳುತ್ತೇನೆ. ಸಾಲಿಗೆ ನಾವಿಬ್ಬರೂ ಕೂಡಿಯೇ ಹೋಗುತ್ತಿದ್ದೆವು. ಅಕ್ಷರ ಮೊದಲು ಬಂದದ್ದು ನನಗೆ. ಅವನಿಗೆ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದವಳು ನಾನು. ಎರಡನೆಯ ತರಗತಿ ಮುಗಿದ ಮೇಲೆ ಅವನು ಮುಂದಕ್ಕೆ ಹೋದ, ನಾನು ಒಲೆಯ ಮುಂದಕ್ಕೆ ಬಂದೆ. ಅದಕ್ಕೆ ಯಾರೂ ಅಳಲಿಲ್ಲ, ನಾನೂ ಅತ್ತ ನೆನಪಿಲ್ಲ. ಆದರೆ ಅವತ್ತು, ಅಷ್ಟು ಓದಿದವನು ಉತ್ತರಕ್ಕಾಗಿ ನನ್ನ ಮುಖ ನೋಡಿದಾಗ, ಎಲ್ಲಿಂದಲೋ ಒಂದು ಹಿತ ಬಂತು. ತುಸು ಕಾಯಲಿ ಎನಿಸಿತು. ಇನ್ನೂ ತುಸು ಕಾಯಲಿ ಎನಿಸಿತು. ಅವನು ಕಾದ. ಹಣೆಯ ಬೆವರು ಒರೆಸಿಕೊಂಡು ಮತ್ತೂ ಕಾದ. ಆಮೇಲೆ ದನಿ ತಗ್ಗಿಸಿ, ಉತ್ತರವನ್ನು ತಾನೇ ಹೇಳಿ ಪಾಠ ಮುಗಿಸಿದ.

ಸಾಹೇಬರು ರಾಯಚೂರು ಕಡೆಯವರು, ಕನ್ನಡ ಬಲ್ಲವರು, ಒಳ್ಳೆಯವರು. “ಪಾಠ ಬಹಳ ಚಲೋ ಆತ್ರಿ ಶರಣಪ್ಪ. ಆದ್ರ ಸವಾಲೂ ನಿಮ್ಮದಽ, ಜವಾಬೂ ನಿಮ್ಮದಽ ಆತು. ಬರೂ ವರ್ಷ ತರಬೇತಿಗೆ ಮತ್ತೊಮ್ಮೆ ಬರ್ರಿ,” ಎಂದರು.

ಆ ವರ್ಷವೆಲ್ಲ ಸಿಕ್ಕ ಸಿಕ್ಕವರು ನನ್ನನ್ನು, “ನಿನ್ನ ತಮ್ಮ ತಿರುಗಿ ಸಾಲಿಗೆ ಹೊಂಟಾನಂತಲ್ಲವಾ?” ಎಂದು ಕೆಣಕುತ್ತಿದ್ದರು. ಅವ್ವ ಸಂತೆಯಲ್ಲಿ ಬದನೆಕಾಯಿಯನ್ನು ಮಾತಿಲ್ಲದೆ ಆರಿಸಿಕೊಂಡು ಬರತೊಡಗಿದಳು. ನಾನು ಯಾರಿಗೂ ಏನೂ ಹೇಳಲಿಲ್ಲ. ತಮ್ಮನೂ ನನ್ನನ್ನು ಒಂದು ಮಾತು ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು. ಅವನು ಮುಂದಿನ ಬೇಸಿಗೆಯಲ್ಲಿ ಹೋದ, ಗೆದ್ದು ಬಂದ. ಈಗ ಅವನು ಮಾಸ್ತರರ ಮಾಸ್ತರ. ಅವ್ವನ ಬಾಯಿ ಮತ್ತೆ ತೆರೆದಿದೆ. ಸಂತೆಯವರು ಪಾಪ, ಸಹಿಸಿಕೊಂಡಿದ್ದಾರೆ.

ಮೊನ್ನೆ ಸಿಂಧನೂರಿನಲ್ಲಿ ಅವನು ಸುತ್ತಿನ ಮಾಸ್ತರರನ್ನು ಕೂಡಿಸಿ ತರಬೇತಿ ನಡೆಸಿದ. ನಾವೂ ಎತ್ತಿನ ಬಂಡಿ ಕಟ್ಟಿಕೊಂಡು ಹೋದೆವು. ತಲೆ ನೆರೆತ ಮಾಸ್ತರರೂ ಚಾಪೆಯ ಮೇಲೆ ಹುಡುಗರ ಹಾಗೆ ಕುಳಿತಿದ್ದರು. ನಾನೂ ಯಜಮಾನರೂ ಹಿಂದೆ, ಬಾಗಿಲ ಹತ್ತಿರ. ನನಗೆ ಆ ಜಾಗವೇ ರೂಢಿ. ನೋಡುತ್ತ ನೋಡುತ್ತ ನನಗನಿಸಿತು: ಇವರೆಲ್ಲ ಗಡಿಗೆಗಳೇ. ವರ್ಷವರ್ಷವೂ ಅದೇ ನೀರು ತುಂಬಿ ತೂತು ಮುಚ್ಚಿಹೋದವರು, ಮೈ ತಿಕ್ಕಿಸಿಕೊಳ್ಳಲು ತಾವಾಗಿ ಬಂದಿದ್ದಾರೆ. ಹಾಗೆ ತಿಕ್ಕುತ್ತ ನಿಂತವನು ನನ್ನ ತಮ್ಮ. ಎದೆ ಉಬ್ಬಿತು.

ಅಷ್ಟರಲ್ಲಿ ಅವನು ಆ ಮಸ್ಕಿಯ ಪಾಠದ ಕಥೆ ತೆಗೆದ. “ಮೊದಲನೇ ವರ್ಷ ನಾ ಸೋತೆ. ಯಾಕಂದ್ರ ಪ್ರಶ್ನೆ ಕೇಳಿ ಸಾಕಷ್ಟು ಕಾಯಲಿಲ್ಲ. ಎದುರಿಗೆ ಕುಂತಾವ್ರಿಗೆ ಉತ್ತರ ಗೊತ್ತಿತ್ತು. ನನಗಽ ತಾಳ್ಮಿ ಸಾಲಲಿಲ್ಲ. ಅದು ನನ್ನ ತಪ್ಪು. ಪ್ರಶ್ನೆ ಕೇಳಿದ ಮ್ಯಾಲೆ ಕಾಯೂದು ಕಲೀರಿ,” ಎಂದ. ಮಾಸ್ತರರೆಲ್ಲ ತಲೆದೂಗಿದರು.

ನನ್ನ ಮೌನವನ್ನು ಅವನು ತನ್ನ ತಪ್ಪೆಂದು ಎತ್ತಿಕೊಂಡು, ಅದರಿಂದಲೇ ಪಾಠ ಕಲಿತು, ಊರೂರಿಗೆ ಹಂಚುತ್ತಿದ್ದ. ನನ್ನಿಂದ ಕೂರಲಾಗಲಿಲ್ಲ. ಎದ್ದು ನಿಂತೆ. ಯಜಮಾನರು ಸೆರಗು ಜಗ್ಗಿದರೂ ಕೂರಲಿಲ್ಲ.

“ಹಳೇ ಗಡಿಗಿ ತೂತು ಮುಚ್ಚಿರ್ತಾವ, ಬೆವರಾಕ ಬರಂಗಿಲ್ಲ. ಅದಕ್ಕಽ ನೀರು ತಣ್ಣಗ ಆಗಂಗಿಲ್ಲ,” ಎಂದೆ.

ಮಾಸ್ತರರೆಲ್ಲ ತಿರುಗಿ ನೋಡಿದರು. ತಮ್ಮ ಏನೋ ಹೇಳಲು ಬಾಯಿ ತೆರೆದವನು, ತಾನೇ ಕಲಿಸಿದ ಪಾಠ ನೆನಪಾಯಿತೋ ಏನೋ, ತಡೆದು ನಿಂತು ಕಾದ.

“ಇದು ನನಗ ಅವತ್ತಽ ಗೊತ್ತಿತ್ತು ತಮ್ಮಾ. ನೀ ಕಾದಿದ್ದಿ, ಬೇಕಾದಷ್ಟು ಕಾದಿದ್ದಿ. ನಾನಽ ಹೊಟ್ಟಿಕಿಚ್ಚಿಗೆ ಹೇಳಲಿಲ್ಲ. ನಂದು ತಪ್ಪಾತೋ ನಮ್ಮಪ್ಪಾ.”