ಕೂಸಿನ ಮೂಗಿಗೆ ಎಣ್ಣೆ ಬಿಟ್ಟವರು ಯಾರು?

ಈಚೆಗೆ ಗೋಕಾಕದ ಮಕ್ಕಳ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕ ಒಂದು ಸುಳ್ಳು ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಅಕ್ಕನ ಮೊಮ್ಮಗಳಿಗೆ ಇಪ್ಪತ್ತೆರಡು ದಿನ. ಬೆಳಿಗ್ಗೆಯಿಂದ ಕೂಸು ಹಾಲು ಬಿಟ್ಟಿತ್ತು, ಉಸಿರು ಎಳೆದೆಳೆದು ಪಕ್ಕೆ ಹಾರುತ್ತಿತ್ತು. ಕೊಣ್ಣೂರಿನಿಂದ ಕಾರಿನಲ್ಲಿ ಎತ್ತಿಕೊಂಡು ಓಡಿದೆವು. ಪದ್ಮಜಾ ಡಾಕ್ಟರ್ ಎದೆಗೆ ಸ್ಟೆತೊಸ್ಕೋಪ್ ಇಟ್ಟವರೇ ಆಕ್ಸಿಜನ್ ಹಚ್ಚಿಸಿದರು. ಎಕ್ಸ್‌ರೇ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಕೂಸಿನ ಮೂಗಿಗೆ ಎಣ್ಣಿ ಬಿಟ್ಟೀರೇನ್ರಿ?"

"ಎರಿಯಾಕ ಬರೋ ಶಾಂತವ್ವ ಬಿಟ್ಟಾಳ್ರಿ ಮೇಡಂ. ಬ್ಯಾಡ ಅಂದ್ರೂ ಕೇಳಲಿಲ್ಲ" ಎಂದಳು ಅಕ್ಕ.

(ಎರೆಯುವುದು ಗೊತ್ತಲ್ಲ? ಬಾಣಂತಿಗೂ ಕೂಸಿಗೂ ಎಣ್ಣೆ ತೀಡಿ ಬಿಸಿನೀರು ಹಾಕುವುದು. ನಮ್ಮ ಕಡೆ ಅದಕ್ಕೆಂದೇ ಒಬ್ಬ ಹೆಂಗಸು ಮನೆಗೆ ಬರುತ್ತಾಳೆ.)

ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಕೊಣ್ಣೂರ ಶಾಂತವ್ವ? ಆಕಿ ಬಿಟ್ಟಿರೂದು ಸಾಧ್ಯನ ಇಲ್ರಿ."

ಅಷ್ಟು ಖಚಿತ ಹೇಗೆ? ಈ ಡಾಕ್ಟರ್ ಹದಿನೆಂಟು ವರ್ಷದಿಂದ ಇಲ್ಲಿದ್ದಾರೆ. ಬಂದ ಹೊಸದರಲ್ಲಿ ಮೂಗಿಗೆ ಎಣ್ಣೆ ಬಿಡಿಸುವ ತಾಯಂದಿರಿಗೆ ಬೈದು ಬೈದು ಗಂಟಲು ಹರಿದುಕೊಂಡರಂತೆ. ಬೈಸಿಕೊಂಡವರು ತಲೆಯಾಡಿಸಿ ಹೋಗಿ ಮತ್ತೆ ಅದನ್ನೇ ಮಾಡುತ್ತಿದ್ದರು. ಮೊದಲ ತಿಂಗಳು ಕೂಸು ಇರುವುದು ಎರೆಯುವವಳ ಕೈಯಲ್ಲಿ ಎಂದು ಆಮೇಲೆ ಹೊಳೆಯಿತು. ಅಲ್ಲಿಂದ ಭಾನುವಾರದ ರಜೆ ಹೋಯಿತು. ಒಂದು ವಾರ ಕೊಣ್ಣೂರು, ಒಂದು ವಾರ ಮೂಡಲಗಿ, ಒಂದು ವಾರ ಹುಕ್ಕೇರಿ ಕಡೆಯ ಹತ್ತರಗಿ. ಎರೆಯುವ ಹೆಂಗಸರನ್ನು ಕೂಡಿಸಿ, ಚಹಾ ಕುಡಿಸಿ, ರಬ್ಬರ್ ಗೊಂಬೆಯನ್ನು ಕಾಲ ಮೇಲೆ ಮಲಗಿಸಿಕೊಂಡು ತೋರಿಸುತ್ತಾರೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಕೂಸಿಗೆ ನ್ಯುಮೋನಿಯಾ ಆಗುತ್ತದೆ. ಪಾಠ ಇಷ್ಟೇ. ಕೊಣ್ಣೂರಿನ ಪಾಠವನ್ನು ಶಾಂತವ್ವ ಒಂದು ಸಲವೂ ತಪ್ಪಿಸಿದವಳಲ್ಲ.

ನಮ್ಮ ಮನೆಯಲ್ಲೂ ಅವಳು ಮೂಗಿಗೆ ಎಣ್ಣೆ ಬಿಡಲಿಲ್ಲ. "ಡಾಕ್ಟರ್ ಬಾಯಾರು ಬ್ಯಾಡಂದಾರ್ರಿ. ಎಣ್ಣಿ ಎದಿಗಿ ಇಳಿತೈತಿ, ನಾ ಒಲ್ಲೇರಿ" ಎಂದು ಬಟ್ಟಲು ಕೆಳಗಿಟ್ಟಳು. "ನನಗ ಕಲಿಸಾಕ ಬಂದಿಯೇನ? ನಾಕ ಮಕ್ಕಳನ್ನ ದೊಡ್ಡವ್ರ ಮಾಡೇನಿ" ಎಂದು ಅಕ್ಕ ತಾನೇ ಮೂಗಿಗೆ ಎಣ್ಣೆ ಬಿಟ್ಟಳು. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಎಲ್ಲ ಕೇಳಿಸಿತು, ಎದ್ದು ಹೋಗಲಿಲ್ಲ.

ನನ್ನ ಅಕ್ಕ ಏನಾಗಿದ್ದಳು ಗೊತ್ತೇ? ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್! ಬೋರ್ಡಿನ ಮೇಲೆ ಶ್ವಾಸಕೋಶದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿರಿ ಎಂದು ಮಕ್ಕಳನ್ನು ಗೋಳಾಡಿಸಿದವಳು!

ಡಾಕ್ಟರ್ ನನ್ನ ಕಡೆ ತಿರುಗಿದರು. "ನೀವರ ಖರೆ ಹೇಳ್ರಿ."

"ನನಗ ಗೊತ್ತಿಲ್ರಿ" ಎಂದೆ. ಹೌದು, ಹಾಗೇ ಅಂದೆ. ಮೂಢನಂಬಿಕೆ ಬಗ್ಗೆ ಇದೇ ಅಂಕಣದಲ್ಲಿ ನಿಮಗೆ ಎಷ್ಟು ಸಲ ಉಪದೇಶ ಮಾಡಿಲ್ಲ ನಾನು?

ಕೂಸು ಒಂಬತ್ತನೇ ದಿನ ಗುಣವಾಗಿ ಮನೆಗೆ ಬಂತು. ಅಷ್ಟರಲ್ಲಿ ಅಕ್ಕನ ಸುಳ್ಳು ಇಡೀ ಓಣಿ ತಿರುಗಿತ್ತು. "ಕೂಸು ಕೊಲ್ಲಾಕ ಹೊಂಟಿದ್ಲಂತ" ಎಂದು ಮೂರು ಮನೆಯವರು ಶಾಂತವ್ವನನ್ನು ಕೆಲಸದಿಂದ ಬಿಡಿಸಿದರು. ಒಬ್ಬರು ಬ್ಯಾಂಕಿನವರು, ಇಬ್ಬರು ಮಾಸ್ತರರು. ಅವಳನ್ನು ಕರೆದು ಏನಾಯಿತೆಂದು ಒಂದು ಮಾತು ಕೇಳುವ ಸೌಜನ್ಯ ಒಬ್ಬರಿಗೂ ಇರಲಿಲ್ಲ. ಓದಿದವರ ಮನೆಯ ಮಾತು ಸುಳ್ಳಿರಲಾರದು ಎಂಬುದು ಯಾವ ಸೀಮೆಯ ನ್ಯಾಯ?

ಮೊನ್ನೆ ಭಾನುವಾರ ನಮ್ಮ ಓಣಿಗೆ ಡಾಕ್ಟರ್ ಬಂದರು, ಶಾಂತವ್ವನನ್ನು ಜೊತೆಗೆ ಕರೆದುಕೊಂಡು. ಮನೆಮನೆ ಹತ್ತಿ "ಈಕಿದು ತಪ್ಪಿಲ್ರಿ" ಎಂದು ಹೇಳುತ್ತಿದ್ದರು. ಕಟ್ಟೆಯ ಮೇಲೆ ಕೂತಿದ್ದ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ನಡೆದದ್ದೆಲ್ಲ ಒಪ್ಪಿಕೊಂಡೆ.

ಡಾಕ್ಟರ್ ಸಿಟ್ಟಿಗೆದ್ದರು. "ನಿಮ್ಮಂಥವರ ಹಿಂಗ ಮಾಡಿದ್ರ ನಾಳೆ ಯಾವಾಕಿ ನನ್ನ ಮಾತ ಕೇಳ್ತಾಳ್ರಿ? ಕೇಳಿದ್ದಕ್ಕ ಈಕಿ ಕೆಲಸ ಹೋತು."

ಶಾಂತವ್ವ ಬೈಯಲಿಲ್ಲ. "ಸಾಹೇಬ್ರ, ನೀವು ಪೇಪರಿಗಿ ಬರೀತೀರಂತಲ್ಲ. ಇದನ್ನೂ ಬರೀರಿ" ಎಂದಳು.

"ನಿನಗ ಓದಾಕ ಬರೂದಿಲ್ಲಲ್ಲ ಶಾಂತವ್ವ" ಎಂದೆ, ತಪ್ಪಿಸಿಕೊಳ್ಳಲು.

"ನನಗ ಬರದಿದ್ರ ಏನಾತ್ರಿ? ಓದಾಕ ಬರೋ ಮಂದೀನ ನನ್ನ ಕೆಲಸ ಬಿಡಿಸ್ಯಾರ."