ಜೋಕಿಮನ ಟೈಮಿಂಗ್

ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್ ಜೋಕಿಮನಿಗೆ ಲೋಕದಲ್ಲಿ ಎರಡೇ ಜಾತಿ: ಟೈಮಿಗೆ ಬರುವವರು, ದಂಡಪಿಂಡಗಳು. ಇಪ್ಪತ್ತು ವರ್ಷದಲ್ಲಿ ಅವನ ಬಸ್ಸು ಹಿರಿಯಡ್ಕದಲ್ಲಿ ಒಂದು ನಿಮಿಷ ಹೆಚ್ಚು ನಿಂತದ್ದಿಲ್ಲ. ನಿಂತರೆ ಹಿಂದಿನ ಬಸ್ಸಿನವನು ಜನ ಎತ್ತಿಕೊಂಡು ಹೋಗುತ್ತಾನಲ್ಲ!

ಅಂಥವನಿಗೆ 2004ರಲ್ಲಿ ಮಲದಲ್ಲಿ ರಕ್ತ ಕಂಡಿತು. ಅಣ್ಣ ಆಂಟನಿ ಕರುಳಿನ ಕ್ಯಾನ್ಸರಿನಲ್ಲಿ ನಲವತ್ತೊಂಬತ್ತಕ್ಕೇ ಹೋಗಿದ್ದ. ಜೋಕಿಮನಿಗೆ ಈಗ ನಲವತ್ತೇಳು. ಒಳಗೊಳಗೇ ಜೀವ ಬಾಯಿಗೆ ಬಂದಿದ್ದರೂ "ಎಲ್ಲ ಇಂಜಿನ್ನಿನ ಉಷ್ಣ" ಎಂದು ಎಳನೀರು ಕುಡಿದ. ಹೆಂಡತಿ ಲಿಡ್ವಿನ್ ಬಿಟ್ಟಾಳೆಯೇ? ಮಣಿಪಾಲಕ್ಕೆ ಎಳೆದೊಯ್ದಳು. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡಬೇಕು, ಹಿಂದಿನ ಸಂಜೆ ಹೊಟ್ಟೆ ತೊಳೆಯುವ ಔಷಧಿನೀರು ಎರಡು ಲೀಟರ್ ಕುಡಿದು ಮನೆಯಲ್ಲೇ ಇರಬೇಕು ಎಂದರು ಡಾಕ್ಟರು.

"ಕುಡಿದ ಮೇಲೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ?" ಎಂದ ಜೋಕಿಮ್.

"ಸುಮಾರು ಒಂದು ಗಂಟೆ."

ಹಾಗಾದರೆ ಕೊನೆಯ ಟ್ರಿಪ್ ಬಿಡುವುದೆಂತಕ್ಕೆ? ಕಾರ್ಕಳದಿಂದ ಉಡುಪಿಗೆ ಐವತ್ತೈದು ನಿಮಿಷ, ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ. ಮಹಾನುಭಾವ ಕಾರ್ಕಳದಲ್ಲೇ ಬಾಟಲಿಗಳನ್ನು ಗಟಗಟ ಮುಗಿಸಿ "ರೈಟ್" ಎಂದ.

ಬೈಲೂರಿನಲ್ಲಿ ಹೊಟ್ಟೆ ಗುಡುಗಿತು. ಹಿರಿಯಡ್ಕದಲ್ಲಿ "ಹೋಲ್ಡಾನ್!" ಎಂದು ಕಿರುಚಿ, ಟಿಕೆಟ್ ಬ್ಯಾಗನ್ನು ಮುಂದಿನ ಸೀಟಿನಲ್ಲಿದ್ದ ದಿನದ ಪ್ರಯಾಣಿಕೆ ಹಲೀಮಾಳ ಮಡಿಲಿಗೆ ಎಸೆದು ಹೋಟೆಲಿನ ಹಿತ್ತಲಿಗೆ ಓಡಿದ. ಮೂರು ಸಲ ಬಂದ, ಮೂರು ಸಲ ಓಡಿದ. ಹಿಂದಿನ ಬಸ್ಸು ಹಾರನ್ ಹೊಡೆದು ಹೋಯಿತು, ಅದರ ಹಿಂದಿನದೂ ಹೋಯಿತು. ಚೀಲ ಇಳಿಸಲು ತಡಮಾಡಿ ನಿನ್ನೆಯಷ್ಟೇ ಅವನಿಂದ ಬೈಸಿಕೊಂಡಿದ್ದ ಹಲೀಮಾ ಕಿಟಕಿಯಿಂದ, "ನಿಧಾನ ಆಗಲಿ ಮಾರಾಯ್ರೆ, ನಮಗೆಂತ ಅರ್ಜೆಂಟಿಲ್ಲ!" ಎಂದು ಕೂಗಿದಳು. ಒಬ್ಬರೂ ಬಸ್ಸು ಇಳಿದು ಹೋಗಲಿಲ್ಲ. ಇಂಥ ತಮಾಷೆ ದಿನಾ ಸಿಗುತ್ತದೆಯೇ?

ಮರುದಿನ ಪರೀಕ್ಷೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು, ಅಲ್ಲೇ ತೆಗೆದರು. ವಾರದ ಮೇಲೆ ಲ್ಯಾಬ್ ವರದಿ ಬಂತು: ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಿತ್ತು. ಲಿಡ್ವಿನ್ ಶಿಲುಬೆಯ ಗುರುತು ಮಾಡಿ ಅತ್ತೇಬಿಟ್ಟಳು.

"ಅಣ್ಣ ಆಂಟನಿಯ ಗಂಟನ್ನೂ ಸಣ್ಣದಿರುವಾಗಲೇ ನೋಡಿದ್ದರೆ?" ಎಂದು ಕೇಳಿದ ಜೋಕಿಮ್.

"ಬಹುಶಃ ಉಳಿಯುತ್ತಿದ್ದರು. ಬೇರೆ ಅಣ್ಣತಮ್ಮಂದಿರು ಇದ್ದರೆ ಅವರನ್ನೂ ಕರೆತನ್ನಿ," ಎಂದರು ಡಾಕ್ಟರು.

ಇದ್ದ. ಕಲ್ಯಾಣಪುರದಲ್ಲಿ ಬೇಕರಿ ಇಟ್ಟಿದ್ದ ತಮ್ಮ ಇಮ್ಯಾನುಯೆಲ್, ಸೂಜಿ ಕಂಡರೆ ಓಡುವ ಆಸಾಮಿ. ಜೋಕಿಮ್ ಸೀದಾ ಅಲ್ಲಿಗೇ ಹೋದ.

"ಕ್ರಿಸ್ಮಸ್ ಕೇಕಿನ ಗಡಿಬಿಡಿ ಮುಗಿಯಲಿ, ಆಮೇಲೆ ನೋಡುವ," ಎಂದ ತಮ್ಮ.

ಜೋಕಿಮ್ ಅವನೆದುರಿನ ಹಿಟ್ಟಿನ ತಟ್ಟೆಯನ್ನು ಬದಿಗೆ ಸರಿಸಿದ. "ಆಂಟನಿಯೂ ಆಮೇಲೆ ಅಂತಲೇ ಹೇಳಿದ್ದು ಮಾರಾಯ. ಅವನ ಪೆಟ್ಟಿಗೆಗೆ ಒಂದು ಬದಿ ನಾನು ಹೆಗಲು ಕೊಟ್ಟೆ, ಇನ್ನೊಂದು ಬದಿ ನೀನು."

ಇಮ್ಯಾನುಯೆಲ್ ಕೈಯ ಹಿಟ್ಟು ಒರೆಸಿಕೊಂಡು, "ಯಾವತ್ತು ಹೋಗುವುದು?" ಎಂದ.